ಕೂಡಲಿಕ್ಕೊಂದು ಪಾಲು ಪತ್ರ

ವಾಣಿಜ್ಯಶಾಸ್ತ್ರ ಪಾಠ ಹೇಳುವ ಮೇಷ್ಟರು ಜನ್ಮದಲ್ಲಿ ಒಂದು ತೆಂಗಿನಕಾಯಿಯನ್ನೂ ಲಾಭಕ್ಕೆ ಮಾರಿದವರಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ನಾನು ಒಪ್ಪಿಕೊಳ್ಳುತ್ತೇನೆ. ಕೊಟ್ಟೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಏಕವ್ಯಕ್ತಿ ಸಂಸ್ಥೆ, ಪಾಲುದಾರಿಕೆ ಸಂಸ್ಥೆ, ಹಿಂದೂ ಅವಿಭಕ್ತ ಕುಟುಂಬ ಎಂದು ವ್ಯವಹಾರದ ಪ್ರಕಾರಗಳನ್ನು ವರ್ಷ ವರ್ಷವೂ ನೋಟ್ಸ್ ಬರೆಸುತ್ತ ಬಂದವನು ನಾನು. ಪ್ರತಿಯೊಂದಕ್ಕೂ ಲಕ್ಷಣ, ಅನುಕೂಲ, ಅನಾನುಕೂಲ. ನನ್ನ ನೋಟ್ಸನ್ನು ಬಾಯಿಪಾಠ ಮಾಡಿ ಪಾಸಾದ ಹುಡುಗರು ನೌಕರಿ ಹುಡುಕುತ್ತ ಚಪ್ಪಲಿ ಸವೆಸಿದರು. ಫೇಲಾದವರು ಊರಲ್ಲೇ ಅಂಗಡಿ ಇಟ್ಟು, ನಾನು ಸಾಮಾನಿಗೆ ಹೋದಾಗ ಎದ್ದು ನಿಂತು ನಮಸ್ಕಾರ ಮಾಡಿ, ಚೌಕಾಶಿಗೆ ಮಾತ್ರ ಬಗ್ಗದೆ ವ್ಯಾಪಾರ ಮಾಡುತ್ತಿದ್ದರು. ಅವರನ್ನು ನೋಡಿ ನೋಡಿಯೇ ಇರಬೇಕು, ನನಗೂ ಒಮ್ಮೆ ವ್ಯಾಪಾರದ ಹುಕಿ ಹತ್ತಿತು.

ಹುಕಿಗೆ ಬಂಡವಾಳ ಬೇಕಲ್ಲ. ಅದು ಇದ್ದದ್ದು ನಮ್ಮಣ್ಣ ಕೊಟ್ರೇಶಣ್ಣನ ಹತ್ತಿರ. ಅವನದು ಬಣ್ಣದ ಅಂಗಡಿ. ಓದು ಎಸ್ಸೆಸ್ಸೆಲ್ಸಿಯ ಬಾಗಿಲವರೆಗೆ ಹೋಗಿ ಹಿಂದಿರುಗಿತ್ತು. ಮಾತು ಕಡಿಮೆ, ಹತ್ತು ಮಾತಿಗೆ ಒಂದು ‘ಹೂಂ’. ಅಪ್ಪ ಅವ್ವ ಹೋದಮೇಲೂ ನಾವಿಬ್ಬರೂ ಒಂದೇ ಮನೆ, ಒಂದೇ ಒಲೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹಗರಿಬೊಮ್ಮನಹಳ್ಳಿಯ ಸ್ಟೇಷನ್ ಕಡೆ ಮಣ್ಣಿನ ಚಾವಣಿಯ ಒಂದು ಹಳೆಯ ಮಾಳಿಗೆ ಮನೆ ಅಗ್ಗಕ್ಕೆ ಬಂದಿದೆ ಎಂಬ ಸುದ್ದಿಯನ್ನು ನಾನೇ ತಂದೆ. ಅದನ್ನು ಹಿಡಿದು, ರಿಪೇರಿ ಮಾಡಿ, ಬಣ್ಣ ಹೊಡೆದು ಮಾರುವುದು. ಬಂದ ಲಾಭದಲ್ಲಿ ಇನ್ನೊಂದು ಮನೆ ಹಿಡಿಯುವುದು. ಹೀಗೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಹಳೇ ಮನೆಗಳನ್ನೆಲ್ಲ ಒಂದು ಸುತ್ತು ಹಾಕುವುದು ನನ್ನ ಯೋಜನೆ. ಅಣ್ಣನಿಗೂ ಹಿಡಿಸಿತು. "ಬಣ್ಣ ಹೊಡದ ಮನಿಗೂ ಹೊಡೀದ ಮನಿಗೂ ಭಾಳ ಫರಕ್ ಐತಿ ಬಿಡಲೇ" ಎಂದ. ನಾನು, "ಅದೆಲ್ಲ ಆಮ್ಯಾಲೆ. ಮೊದಲ ಸಂಸ್ಥೆಯ ಸ್ವರೂಪ ಯಾವುದಂತ ನಿರ್ಧಾರ ಆಗ್ಬೇಕು, ಟ್ಯಾಕ್ಸ್ ಉಳೀಬೇಕಲ್ಲ" ಎಂದೆ. "ಮೊದಲ ಮಾಳಿಗಿ ಸೋರೋದು ನಿಲ್ಬೇಕು" ಎಂದ ಅಣ್ಣ.

ಆ ಮನೆಯಿಂದ ಬಂದ ಲಾಭದ ಸುದ್ದಿಯನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ, ಕೊನೆಯಲ್ಲಿ ಹೇಳಲು ನಾಚಿಕೆಯಾಗುತ್ತದೆ. ಲಾಭವನ್ನು ಮಾಳಿಗೆಯೇ ತಿಂದಿತು. ಅಳಿದುಳಿದದ್ದಕ್ಕೆ ತೆರಿಗೆ ಹಾಕಲು ಯಾವ ಅಧಿಕಾರಿ ಬಂದಿದ್ದರೂ ಕನಿಕರಪಟ್ಟು ಚಹಾ ಕುಡಿಸಿ ಹೋಗುತ್ತಿದ್ದ. ಆದರೆ ಇದು ಮುಂದಿನ ಮಾತು. ಆಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬರಲಿರುವ ರಾಶಿ ಲಾಭ ಮತ್ತು ಅದಕ್ಕೆ ಬಾಯಿ ಹಾಕಲು ಕಾದು ಕುಳಿತ ತೆರಿಗೆ ಇಲಾಖೆ, ಇಷ್ಟೇ.

ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಒಬ್ಬ ಟ್ಯಾಕ್ಸ್ ವಕೀಲರಿದ್ದರು. ಅವರ ಮುಂದೆ ನಾನು ಕ್ಲಾಸಿನಲ್ಲಿ ನಿಂತಂತೆಯೇ ನಿಂತು ಮೂರೂ ಪ್ರಕಾರಗಳನ್ನು ಅನುಕೂಲ, ಅನಾನುಕೂಲಗಳ ಸಮೇತ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಅಣ್ಣಾರ ಒಬ್ಬರ ಹೆಸರಿಗೆ ಬ್ಯಾಡ್ರಿ, ಅಂಗಡಿ ಲೆಕ್ಕಕ್ಕ ಇದೂ ಕೂಡ್ತೈತಿ, ಟ್ಯಾಕ್ಸ್ ಏರ್ತೈತಿ" ಎಂದರು. ನನ್ನ ಹೆಸರಿಗೆ? ನನ್ನ ಸಂಬಳ ಎಷ್ಟೆಂದು ಕೇಳಿದರು. ಹೇಳಿದೆ. "ಸರ, ಟ್ಯಾಕ್ಸು ನಿಮ್ಮ ಓಣಿಗೂ ಬರಂಗಿಲ್ಲ" ಎಂದರು. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಸಂಬಳಕ್ಕೂ ಒಂದು ಅನುಕೂಲವಿದೆ ಎಂದು ತಿಳಿದದ್ದು ಅಂದೇ. ಆದರೆ ರೊಕ್ಕ ಒಬ್ಬರದು, ಮನೆ ಇನ್ನೊಬ್ಬರದು ಎಂದರೆ ನಾಳೆ ಕೇಳುವವರು ಕೇಳುತ್ತಾರೆ ಎಂದು ಅದನ್ನೂ ತೆಗೆದುಹಾಕಿದರು.

ನನ್ನ ಮನಸ್ಸಿದ್ದದ್ದು ಅವಿಭಕ್ತ ಕುಟುಂಬದ ಮೇಲೆ. ಅದರಲ್ಲಿ ಅಣ್ಣನದೊಂದು ಲೆಕ್ಕ, ನನ್ನದೊಂದು ಲೆಕ್ಕ, ಕುಟುಂಬದ್ದೇ ಮತ್ತೊಂದು ಲೆಕ್ಕ. ಇಬ್ಬರು ಮನುಷ್ಯರು, ಮೂರು ತಲೆ. ಮೂರನೆಯ ತಲೆ ಊಟ ಕೇಳುವುದಿಲ್ಲ, ತೆರಿಗೆಯ ವಿನಾಯಿತಿ ಮಾತ್ರ ತರುತ್ತದೆ. ಇಂಥ ನೆಂಟ ಯಾರಿಗೆ ಬೇಡ? ವಕೀಲರು ಕೇಳಿದರು: "ಕುಟುಂಬದ ಮೂಲ ಆಸ್ತಿ ಅಂತ ಏನೈತ್ರಿ?"

"ಇರೋ ಮನಿ ಐತ್ರಿ. ಅಪ್ಪನ ಕಾಲದ ತೂಗುಮಂಚ ಒಂದೈತಿ."

"ತೂಗುಮಂಚದ ಮ್ಯಾಲೆ ವ್ಯಾಪಾರ ಹೂಡೀವಿ ಅಂತ ತೋರಸಾಕ ಬರಂಗಿಲ್ಲರಿ. ಹಾಕೋ ರೊಕ್ಕ ನಿಮ್ಮ ನಿಮ್ಮ ಸ್ವಂತದ್ದು. ಅವಿಭಕ್ತ ಕುಟುಂಬ ನಿಮಗ ಆಗಿಬರಂಗಿಲ್ಲ. ಪಾಲುದಾರಿಕಿ ಮಾಡ್ರಿ. ಫರ್ಮಿನಾಗ ಇಬ್ರೂ ಪಗಾರ ತಗೋರಿ, ಬಂಡವಾಳಕ್ಕ ಬಡ್ಡಿ ತಗೋರಿ, ಉಳದಿದ್ದಕ್ಕ ಟ್ಯಾಕ್ಸ್ ಕಟ್ರಿ. ಆದ್ರ ಎಲ್ಲಾ ಬರವಣಿಗಿ ಒಳಗ ಇರ್ಬೇಕು."

ಆ ದಿನ ಊಟಕ್ಕೆ ಕೂತಾಗ ನಾನು ಈ ಜ್ಞಾನವನ್ನು ಮನೆಯವರಿಗೂ ಬಡಿಸಿದೆ. ಬಡಿಸುವಾಗ ಎಲ್ಲವನ್ನೂ ಬಡಿಸಬೇಕಿತ್ತು. ಮೇಷ್ಟರ ಚಟ, ಸಾರಾಂಶ ಮಾತ್ರ ಹೇಳಿದೆ. "ಅಣ್ಣಾ, ಅವಿಭಕ್ತ ಕುಟುಂಬ ನಮಗ ಆಗಿಬರಂಗಿಲ್ಲಂತ. ವಕೀಲ್ರು ಸ್ಪಷ್ಟ ಹೇಳಿದ್ರು. ನಾಳೆ ಕೂಡ್ಲಿಗಿಗಿ ಹೋಗಿ ಪತ್ರದ ವ್ಯವಸ್ಥಾ ಮಾಡ್ತೀನಿ. ನೀನು ಸಹಿ ಮಾಡಿದ್ರಾತು." ಸಾರು ಹಾಕುತ್ತಿದ್ದ ಅತ್ತಿಗೆಯ ಸೌಟು ಒಂದು ಗಳಿಗೆ ನಿಂತಿತು. ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ, "ಹೂಂ" ಎಂದ. ನನ್ನ ಕಾನೂನು ಜ್ಞಾನಕ್ಕೆ ಇಬ್ಬರೂ ಬೆರಗಾಗಿದ್ದಾರೆ ಎಂದುಕೊಂಡು ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಓಣಿಯ ಟೇಲರ್ ಸಿಕ್ಕ. ಬಸ್ಸು ಹೊರಡುವ ಗಡಿಬಿಡಿ. ಪಾಲುದಾರಿಕೆ ಪತ್ರ ಎಂಬುದು ಉದ್ದನೆಯ ಮಾತು. ಓಡುವವನ ಬಾಯಲ್ಲಿ ಅದು ಪೂರ್ತಿ ಹಿಡಿಸುವುದಿಲ್ಲ.

"ಎಲ್ಲಿಗಿ ಹೊಂಟ್ರಿ ಸರ?"

"ಕೂಡ್ಲಿಗಿಗಿ. ಪಾಲು ಪತ್ರ ಬರಸಾಕ."

"ಅಣ್ಣಾರ ಜೋಡಿ ಏನ್ರಿ?" ಎಂದ ಅವನು, ಮುಖ ಸಣ್ಣದು ಮಾಡಿ.

"ಮತ್ತಿನ್ಯಾರ ಜೋಡಿ ಮಾಡ್ಲೋ?"

"ಏನರ ಜಗಳ ಆತೇನ್ರಿ?"

"ಛೇ ಛೇ, ಖುಷಿಯಿಂದ ಮಾಡಾಕತ್ತೀವಿ. ಲಾಭ ಐತಿ."

"ಮನ್ಯಾಗ ಹೆಣ್ಮಕ್ಕಳು ಒಪ್ಯಾರೇನ್ರಿ?"

"ಅವರಿಗೇನು ಕೇಳೋದೈತಿ!" ಎಂದು ಕೂಗಿ ಬಸ್ಸು ಹತ್ತಿದೆ. ಪಾಲು ಎಂದರೆ ನಮ್ಮ ಕಡೆ ಆಸ್ತಿ ಹರಿದು ಹಂಚಿಕೊಳ್ಳುವುದು; ಪಾಲು ಪತ್ರ ಎಂದರೆ ಅಣ್ಣ ತಮ್ಮ ಬೇರೆಯಾಗುವ ಪತ್ರ. ಕೂಡುವುದಕ್ಕೂ ಒಡೆಯುವುದಕ್ಕೂ ಒಂದೇ ಮಾತಿಟ್ಟ ಭಾಷೆಯ ತಪ್ಪೋ, ಮಾತನ್ನು ಅರ್ಧಕ್ಕೆ ಕತ್ತರಿಸಿದ ನನ್ನ ತಪ್ಪೋ, ಓದುಗರೇ ಹೇಳಬೇಕು. ಅಂದು ಕೂಡ್ಲಿಗಿಯಲ್ಲಿ ಆದ ಕೆಲಸವೂ ಅಷ್ಟಕ್ಕಷ್ಟೆ. ಬಾಂಡ್ ಬರೆಯುವವರು, "ಒಬ್ಬರ ಬಂದ್ರ ಹೆಂಗ್ರಿ? ಇಬ್ರೂ ಬರ್ರಿ, ಯಾರ್ದು ಎಷ್ಟು ಅಂತ ಕೂತು ಹೇಳ್ರಿ" ಎಂದು ವಾಪಸು ಕಳಿಸಿದರು.

ಅಂದಿನಿಂದ ಮನೆಯಲ್ಲಿ ನನಗೆ ಎಂದೂ ಇಲ್ಲದ ಮರ್ಯಾದೆ ಶುರುವಾಯಿತು. ಅತ್ತಿಗೆ ಕೇಳದೆಯೇ ತುಪ್ಪ ಹಾಕಿದರು. ನನ್ನನ್ನು ‘ಲೇ ಬಸ್ಯಾ’ ಎಂದು ಕೂಗುತ್ತಿದ್ದ ಅಣ್ಣ ‘ಬಸವರಾಜ’ ಎಂದು ಹಾಜರಿ ಪುಸ್ತಕದ ಹೆಸರು ಹಿಡಿದು ಕರೆದ. ನನ್ನ ಹೆಂಡತಿ ಗಿರಿಜಾಗೆ ಅತ್ತಿಗೆ, "ದೊಡ್ಡ ಕುಕ್ಕರು ನೀನಾ ಇಟಗೋವಾ, ನಿನಗ ಸಣ್ಣ ಮಕ್ಕಳು ಅದಾವ" ಎಂದರಂತೆ. ಯಾಕೆ ಎಂದು ಗಿರಿಜಾ ನನ್ನನ್ನು ಕೇಳಿದಳು. ವ್ಯಾಪಾರಸ್ಥನಾದ ಮೇಲೆ ಗೌರವ ತಾನಾಗಿ ಬರುತ್ತದೆ ಎಂದು ನಾನು ವಿವರಿಸಿದೆ. ಅವಳು ನಂಬಲಿಲ್ಲ, ಆದರೆ ಕುಕ್ಕರನ್ನು ಒರೆಸಿ ಮೇಲಿಟ್ಟಳು.

ಆ ವಾರವೇ ಒಂದು ದಿನ ಕಾಲೇಜು ಮುಗಿಸಿ ಬರುತ್ತೇನೆ, ಹರಪನಹಳ್ಳಿಯಿಂದ ನಮ್ಮ ಸೋದರಮಾವ ಬಂದಿದ್ದಾರೆ. ಸುತ್ತ ಹತ್ತೂರಿನ ನೆಂಟರಲ್ಲಿ ಯಾರು ಬೇರೆಯಾದರೂ ಪಾಲು ಮಾಡಿಕೊಡುವವರು ಅವರೇ. ಟೇಪು, ಸೀಮೆಸುಣ್ಣ ಸ್ವಂತದ್ದೇ ತರುತ್ತಾರೆ. ಬಂದವರು ಚಹಾ ಕುಡಿದು ಆಗಲೇ ಕೆಲಸಕ್ಕಿಳಿದಿದ್ದರು. ಪಡಸಾಲೆಯ ಗೋಡೆಗುಂಟ ಟೇಪು ಹಿಡಿದು ಮಾವ ಬಗ್ಗಿದ್ದಾರೆ. ಟೇಪಿನ ಆಚೆ ತುದಿಯನ್ನು ಬಾಗಿಲ ಹತ್ತಿರ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾನೆ ನಮ್ಮಣ್ಣ.

"ಬಂದ ನೋಡು ಓದಿದಾತ" ಎಂದರು ಮಾವ. "ಬಾರಪ್ಪ. ನಿಮ್ಮಣ್ಣ ಬೀದಿ ಕಡೆ ಭಾಗ ನಿನಗೇ ಇರ್ಲಿ ಅಂತಾನೆ. ನಾನು ಬ್ಯಾಡ, ದೊಡ್ಡಾತ ನೀನು, ಮುಂದಿನ ಭಾಗ ನಿನಗೆ ಬರ್ಬೇಕು ಅಂದ್ರೆ ಕೇಳವಲ್ಲ."

"ಯಾವ ಭಾಗ? ಏನಿದು?" ಎಂದೆ ನಾನು.

ಅಣ್ಣ ಟೇಪು ಬಿಡದೆಯೇ ಹೇಳಿದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಅವಿಭಕ್ತ ಕುಟುಂಬ ಆಗಿಬರಂಗಿಲ್ಲ ಅಂದೆಲ್ಲಪಾ. ಪಾಲು ಪತ್ರ ಬರಸಾಕ ಹೋಗೀದಿ ಅಂತ ಓಣಿ ಮಂದಿ ಎಲ್ಲಾ ಹೇಳಿದ್ರು. ಟ್ಯಾಕ್ಸ್ ಉಳಸಾಕ ಮೊದಲ ಬ್ಯಾರೆ ಆಗ್ಬೇಕೇನೋ ಅಂದ್ಕಂಡು ಮಾವಗ ಹೇಳಿ ಕಳಿಸಿದೆ. ನೀ ಓದಿದವ, ನಿನಗ ಗೊತ್ತಿರ್ತೈತಿ. ಹಿಂದಿನ ಭಾಗದಾಗ ಬೆಳಕು ಕಡಿಮಿ ಐತಿ, ನೀ ಪೇಪರ್ ತಿದ್ದಾಕ ಬೆಳಕು ಬೇಕಲ್ಲ."

ನಾನು ಬೇರೆಯಾಗುತ್ತೇನೆ ಎಂದು ನಂಬಿಕೊಂಡು ಈ ಮನುಷ್ಯ ಇಷ್ಟು ದಿನ ನನ್ನ ಜೊತೆ ಕೂತು ಉಂಡಿದ್ದಾನೆ. ಯಾಕೆ ಎಂದು ಕೇಳಿಲ್ಲ. ನನ್ನ ಪೇಪರ್ ತಿದ್ದುವ ಬೆಳಕಿನ ಬಗ್ಗೆ ಯೋಚಿಸಿದ್ದಾನೆ. ಅಲ್ಲೇ ನೆಲದ ಮೇಲೆ ಕೂತು, ಇದು ಒಡೆಯುವ ಪತ್ರವಲ್ಲ, ಕೂಡುವ ಪತ್ರ ಎಂದು ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ ಹೇಳಿದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಗಿರಿಜಾ ಮೇಲಿಂದ ಕುಕ್ಕರು ಇಳಿಸಿ ಸದ್ದಾಗುವಂತೆ ಒಲೆಯ ಪಕ್ಕ ಇಟ್ಟಳು. ಅಣ್ಣ, "ಹೂಂ" ಎಂದು ಟೇಪಿನ ತುದಿ ಬಿಟ್ಟ. ಅದು ಸರ್ರನೆ ಹೋಗಿ ಮಾವನ ಬೆರಳಿಗೆ ಬಡಿಯಿತು.

ಮಾವನಿಗೆ ಬೆರಳಿನ ನೋವಿಗಿಂತ ಬಂದ ಕೆಲಸ ಕೆಟ್ಟದ್ದರ ನೋವೇ ಹೆಚ್ಚಾಗಿತ್ತು. "ಅಲ್ಲೋ ಬಸವರಾಜ, ಬೇರೆ ಆಗಾಕೆ ಪತ್ರ ಬೇಕು, ಒಪ್ಪಿದೆ. ನಾನೇ ಎಷ್ಟೋ ಬರೆಸೀನಿ. ಕೂಡಾಕೆ ಯಾಕೋ ಪತ್ರ? ಇಷ್ಟು ದಿನ ಯಾವ ಪತ್ರ ಇಟ್ಕಂಡು ಕೂಡಿದ್ರಿ?" ಈ ಪ್ರಶ್ನೆ ನನ್ನ ನೋಟ್ಸಿನಲ್ಲಿರಲಿಲ್ಲ. ಟ್ಯಾಕ್ಸ್ ಎಂದು ಏನೋ ಗೊಣಗಿದೆ. ಅವರು ಮಂಡಾಳು ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದು, ಟೇಪು ಸುತ್ತಿಕೊಂಡು ಸಂಜೆ ಬಸ್ಸಿಗೆ ಹೋದರು.

ಪತ್ರ ಬರೆಸಲು ಮತ್ತೆ ಕೂಡ್ಲಿಗಿಗೆ ಹೋದಾಗ ನಾಲ್ವರೂ ಹೋದೆವು. "ನೀವು ಬಸ್ ಸ್ಟ್ಯಾಂಡಿನ್ಯಾಗ ಏನ್ ಮಾತಾಡ್ತೀರೋ ನಂಬಂಗಿಲ್ಲ" ಎಂದು ಗಿರಿಜಾ ಹಟ ಹಿಡಿದಿದ್ದಳು. ನನಗೆ ಒಳಗೊಳಗೇ ಒಂದು ಕಳವಳ. ಪತ್ರದಲ್ಲಿ ಯಾರದು ಎಷ್ಟು ಪಾಲು ಎಂದು ಬರೆಯಲೇಬೇಕು. ಇಷ್ಟು ವರ್ಷ ಒಂದೇ ತಟ್ಟೆಯ ಹೋಳಿಗೆಯನ್ನೂ ಎಣಿಸದೆ ತಿಂದವರು ಈಗ ನೂರಕ್ಕೆ ಎಷ್ಟು ಎಂದು ಎದುರೆದುರು ಕೂತು ಹೇಳಬೇಕು. ನಿಜ ಹೇಳುತ್ತೇನೆ, ನಾನು ಮನಸ್ಸಿನಲ್ಲಿ ನನಗೆ ಅರವತ್ತು, ಅಣ್ಣನಿಗೆ ನಲವತ್ತು ಎಂದು ಇಟ್ಟುಕೊಂಡಿದ್ದೆ. ರೊಕ್ಕ ಹೆಚ್ಚು ಅವನದೇ, ಆದರೆ ಯೋಜನೆ ನನ್ನದು, ಓಡಾಟ ನನ್ನದು. ಓಡಾಟ ಎಂದರೆ ಬಸ್ಸಿನಲ್ಲಿ ಕೂತದ್ದು.

ಬರೆಯುವವರು ಪೆನ್ನು ತೆಗೆದು ಮೊದಲು ಅಣ್ಣನನ್ನು ಕೇಳಿದರು. ಅಣ್ಣ, "ಎಲ್ಲಾ ಅವನ್ದಾ ಬರಕೋರಿ" ಎಂದ.

"ಹಂಗ ಬರಿಯಾಕ ಬರಂಗಿಲ್ಲರಿ. ಒಬ್ಬರ್ದಾ ಎಲ್ಲಾ ಆದ್ರ ಪಾಲುದಾರಿಕಿ ಹೆಂಗಾತು?"

"ಹಂಗಾದ್ರ ನಂದು ನೂರಕ್ಕ ಒಂದು ಬರಕೋರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅರವತ್ತು ಎಂದು ಹೇಳಲು ತೆರೆದ ಬಾಯಿಂದ "ಅರ್ಧ ಅರ್ಧ" ಎಂದು ಹೊರಟಿತು. ಅಣ್ಣ ಬೇಡ ಬೇಡ ಎಂದ. ನಾನು ಕೈಯೆತ್ತಿ, "ಅಣ್ಣಾ, ಈ ವಿಷಯದಾಗ ನನ್ನ ಮಾತು ನಡೀಬೇಕು" ಎಂದು ಗಂಭೀರವಾಗಿ ಹೇಳಿದೆ. ನನ್ನ ಔದಾರ್ಯಕ್ಕೆ ನನಗೇ ಕಣ್ಣು ತುಂಬಿತು. ಸಹಿಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಅತ್ತಿಗೆ ಮುಂದಿನ ಸೀಟಿನಲ್ಲಿ, ನಾವು ಹಿಂದೆ. ಊರ ಹೊರಗೆ ಬಂದಮೇಲೆ ಗಿರಿಜಾ ಮೆಲ್ಲಗೆ ಕೇಳಿದಳು:

"ಪತ್ರ ಬರಸದಾ ಇದ್ದಿದ್ರ ಕಾಯ್ದೆ ಪ್ರಕಾರ ಪಾಲು ಎಷ್ಟೆಷ್ಟು ಬರ್ತಿತ್ರೀ?"

ನನ್ನ ವಿಷಯ. ಬೆನ್ನು ನೆಟ್ಟಗೆ ಮಾಡಿ ಕೂತೆ. "ಇಷ್ಟಿಷ್ಟು ಅಂತ ಒಪ್ಪಂದ ಆಗಿರಲಿಲ್ಲಂದ್ರ ಸಮ ಸಮ. ಅರ್ಧ ಅರ್ಧ."

"ಈಗ ಬರಸಿದ್ದು?"

"ಅರ್ಧ ಅರ್ಧ."

"ಹಂಗಾದ್ರ ಭಾವಾರಿಗೆ ನೀವು ಬಿಟ್ಟುಕೊಟ್ಟಿದ್ದೇನು?"

ಕಿಟಕಿಯಾಚೆ ಜೋಳದ ಹೊಲಗಳು ಬಹಳ ಚೆನ್ನಾಗಿದ್ದವು, ಅವನ್ನೇ ನೋಡಿದೆ. ಅವಳು ಬಿಡಲಿಲ್ಲ.

"ಹೋಗ್ಲಿ, ಬರಿಯೋರ ಫೀಜು ಯಾರು ಕೊಟ್ರಿ?"

"ಅದೂ ಅರ್ಧ ಅರ್ಧ" ಎಂದೆ. ಪೂರ್ತಿ ಕೊಟ್ಟವನು ಅಣ್ಣನೇ, ಆದರೆ ಹೆಂಡತಿಯ ಮುಂದೆ ಗಂಡ ಇಷ್ಟಾದರೂ ಮಾನ ಉಳಿಸಿಕೊಳ್ಳಬೇಡವೇ. ಅಷ್ಟರಲ್ಲಿ ಕಂಡಕ್ಟರು ಬಂದ. ಮಾತು ಬದಲಿಸಲು ಅದೇ ಸಮಯವೆಂದು ನಾನು ಜೋರಾಗಿಯೇ, "ನಾಕು ಕೊಟ್ಟೂರು ಕೊಡಪಾ" ಎಂದು ಜೇಬಿಗೆ ಕೈ ಹಾಕಿದೆ.

"ನಿಮ್ದು ಆತ್ರಿ ಸರ" ಎಂದ ಅವನು. "ಮುಂದ ಕುಂತೋರು ನಾಕೂ ತಗಸ್ಯಾರ."