ಗಾಜಿನ ಪೆಟ್ಟಿಗೆಯ ಮೇಲೊಂದು ಬೈರಾಸು

ಹಾವು ನೋಡಿಕೊಳ್ಳುವವನ ಮಾತನ್ನು ಯಾರೂ ನಂಬುವುದಿಲ್ಲ ಎಂಬುದು ಈ ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ನನಗೆ ಗೊತ್ತಾಯಿತು. ಆಮೇಲಿನ ವರ್ಷಗಳಲ್ಲಿ ನಡೆದದ್ದನ್ನೆಲ್ಲ ಹೇಳಿದರೆ ನೀವೂ ನಂಬಲಿಕ್ಕಿಲ್ಲ. ಆದರೂ ಹೇಳುತ್ತೇನೆ.

ನಮ್ಮ ಅರ್ಬಾಬ್, ಅಂದರೆ ನನಗೆ ವೀಸಾ ಕೊಟ್ಟ ಒಮಾನಿ ಯಜಮಾನರು, ಬಂದರಿನಲ್ಲಿ ಕಂಟೈನರ್ ಬಿಡಿಸುವ ವ್ಯವಹಾರದಲ್ಲಿ ತಲೆ ನರೆಸಿಕೊಂಡವರು. ನಾನು ಅವರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ವ್ಯವಹಾರವನ್ನು ಮಗನಿಗೆ ಬಿಟ್ಟ ಮೇಲೆ ಅವರು ಅಲ್ ಹೈಲ್ ಬಡಾವಣೆಯ ತಮ್ಮ ಮನೆಯ ಹಿಂದೆ ಒಂದು ಎಸಿ ಕೋಣೆ ಕಟ್ಟಿಸಿ ಗಾರ್ಟರ್ ಹಾವುಗಳನ್ನು ತರಿಸಿದರು. ಚಳಿದೇಶದ ಹಾವುಗಳು, ಮೈಮೇಲೆ ಉದ್ದುದ್ದ ಪಟ್ಟೆ, ಮನುಷ್ಯರಿಗೆ ಅಪಾಯವಿಲ್ಲ. ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತವೆ. ಮೂರು ಗಂಡು, ಒಂದು ಹೆಣ್ಣು. ಶಾಲೆಯ ಮಕ್ಕಳು ಬಂದು ನೋಡಿ ಹೋಗುತ್ತಾರೆ. ಹಾವುಗಳ ಯೋಗಕ್ಷೇಮ ನನ್ನದು.

ಎರಡು ವರ್ಷ ಒಂದು ಮರಿಯೂ ಆಗಲಿಲ್ಲ. ಮೂರನೆಯ ವರ್ಷ ಅರ್ಬಾಬ್ ಕರೆದು ಹೇಳಿದರು, "ಈ ಸಲ ಮರಿ ಆಗದಿದ್ದರೆ ಖಲಾಸ್. ಕೋಣೆಗೆ ಬೀಗ. ನೀನು ಊರಿಗೆ."

ನನ್ನ ಮಗಳು ಏಪ್ರಿಲ್‌ನಲ್ಲಿ ಹತ್ತನೆಯ ತರಗತಿಗೆ ಹೋಗುವವಳು. ನಡುವೆ ಎಬ್ಬಿಸಿಕೊಂಡು ಹೋದರೆ ಅವಳ ವರ್ಷ ಹಾಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ಸಂಸಾರವೆಲ್ಲ ಈ ನಾಲ್ಕು ಹಾವುಗಳ ಸಂಸಾರದ ಮೇಲೆ ನಿಂತುಬಿಟ್ಟಿತ್ತು.

1. ಮೀನಿನ ವಾಸನೆ

ಮೊದಲ ಅನುಮಾನ ನನ್ನ ಹೆಂಡತಿಯದು. ಅವಳು ಇಲ್ಲಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಮಂಗಳೂರಿನವಳು, ಆದ್ದರಿಂದ ಮೀನಿನ ವಿಷಯದಲ್ಲಿ ಅವಳ ಮೂಗಿಗೆ ಮೋಸ ಮಾಡಲಾಗದು.

ಚಳಿಗಾಲಕ್ಕೆ ಮುಂಚೆ ಹಾವುಗಳನ್ನು ಕೊಬ್ಬಿಸಬೇಕು. ನಾನು ದಿನಾ ಸಣ್ಣ ಮೀನು ತಂದು, ಮುಳ್ಳು ತೆಗೆದು, ಕತ್ತರಿಸಿ ಹಾಕುತ್ತಿದ್ದೆ. ಒಂದು ಸಂಜೆ ಅವಳು ನನ್ನ ಕೈ ಹಿಡಿದು ಮೂಸಿದಳು.

"ತಾಜಾ ಮೀನು. ಮನೆಯಲ್ಲಿ ವಾರದಿಂದ ಮೊಟ್ಟೆ ಸಾರು. ನೀವು ಊಟ ಮಾಡುವುದು ಯಾರ ಮನೆಯಲ್ಲಿ?"

"ಹಾವಿಗೆ ಹಾಕಿದ್ದು."

"ಹಾವಿಗೆ ಯಾರಾದರೂ ಮುಳ್ಳು ತೆಗೆದು ಕೊಡುತ್ತಾರಾ? ಮದುವೆಯಾಗಿ ಹದಿನೆಂಟು ವರ್ಷ ಆಯಿತು. ನನಗೆ ಒಂದು ದಿನ ತೆಗೆದು ಕೊಟ್ಟದ್ದುಂಟಾ?"

ನಾನು ಕೈ ತೊಳೆಯಲು ಎದ್ದುಹೋದೆ. ಅದೇ ಅವಳಿಗೆ ಸಾಕ್ಷಿಯಾಯಿತು.

2. ಮೋಸಗಾರ

ಈ ಹಾವುಗಳು ಎರಡು ಮೂರು ತಿಂಗಳು ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಗಂಡಿಗೆ ಹೆಣ್ಣಿನ ನೆನಪಾಗುವುದು. ಹಿಂದಿನ ಎರಡು ವರ್ಷ ನಾವು ತಪ್ಪಿದ್ದು ಅಲ್ಲೇ. ಅಲ್ ಹೈಲಿನಲ್ಲಿ ಅಂಥ ಚಳಿ ಎಲ್ಲಿಂದ ತರುವುದು? ಅಂಗಡಿಗಳಲ್ಲಿ ಜ್ಯೂಸ್ ಇಡುವ ಗಾಜಿನ ಬಾಗಿಲಿನ ಫ್ರಿಜ್ ಒಂದನ್ನು ತರಿಸಿ, ತಣ್ಣಗೆ ಮಾಡಿ, ನಾಲ್ಕನ್ನೂ ನಾಲ್ಕು ಡಬ್ಬಿಗಳಲ್ಲಿ ಮಲಗಿಸಿದೆ. ಮಾರ್ಚ್‌ನಲ್ಲಿ ಮೊದಲು ಎರಡು ಗಂಡುಗಳನ್ನು ಎಬ್ಬಿಸಿ ಗಾಜಿನ ಪೆಟ್ಟಿಗೆಗೆ ಹಾಕಿದೆ. ಅವು ಚುರುಕಾದ ಮೇಲೆ ಮೂರನೆಯದನ್ನು ತಂದು ಬಿಟ್ಟೆ. ತಕ್ಷಣ ಆ ಎರಡೂ ಇದರ ಬೆನ್ನ ಮೇಲೆ ಗದ್ದ ಉಜ್ಜುತ್ತ, ಮೈ ಅದುರಿಸುತ್ತ, ಸುತ್ತಿಕೊಂಡು ಬಿದ್ದವು.

ಅರ್ಬಾಬ್ ಕುರ್ಚಿ ಎಳೆದು ಕೂತರು. "ಇದು ಹೆಣ್ಣು. ನೀನು ಮೂರು ಗಂಡು ಎಂದು ಕಾಗದದಲ್ಲಿ ಬರೆದಿದ್ದೀ."

"ಗಂಡೇ. ಆದರೆ ಈಗಷ್ಟೇ ಎದ್ದ ಕೆಲವು ಗಂಡುಗಳು ಒಂದೆರಡು ದಿನ ಹೆಣ್ಣಿನ ವಾಸನೆ ಬಿಡುತ್ತವೆ. ಉಳಿದವು ನಂಬಿ ಬಂದು ಸುತ್ತಿಕೊಳ್ಳುತ್ತವೆ. ಇದಕ್ಕೆ ಮೈ ಬೆಚ್ಚಗಾಗುತ್ತದೆ."

"ಅಂದರೆ ಬರೀ ಕಂಬಳಿಗೋಸ್ಕರ ಈ ಮೋಸ?"

"ಹೌದು."

ಅವರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬರೀ ಕಂಬಳಿಗೆ ಹಾವೇ ಇಷ್ಟು ಸುಳ್ಳು ಹೇಳುತ್ತದೆ. ನಿನಗೆ ಬೇಕಾದದ್ದು ವೀಸಾ" ಎಂದರು.

ಮರುದಿನವೇ ಮಗನಿಗೆ ಹೇಳಿ ಪೆಟ್ಟಿಗೆಯ ಮೇಲೆ ಗೋಡೆಗೆ ಕ್ಯಾಮೆರಾ ಹಾಕಿಸಿದರು. ಚಿತ್ರ ಅಪ್ಪನ ಫೋನಿಗೂ ಬರುತ್ತಿತ್ತು, ಮಗನ ಫೋನಿಗೂ ಬರುತ್ತಿತ್ತು. ಅನುಮಾನದಲ್ಲಿ ಮಗ ಅಪ್ಪನಿಗಿಂತ ಒಂದು ಕೈ ಮೇಲು.

3. ಬೈರಾಸು

ಕೊನೆಗೆ ಹೆಣ್ಣನ್ನೂ ಎಬ್ಬಿಸಿ ಪೆಟ್ಟಿಗೆಗೆ ಬಿಟ್ಟ ದಿನ ನಾನು ಕದಲದೆ ಕೂತಿದ್ದೆ. ಗಂಡುಗಳು ಅವಳ ಜಾಡು ಮೂಸುತ್ತ ತಿರುಗುತ್ತಿದ್ದವು, ಅವಳು ಕ್ಯಾರೇ ಎನ್ನಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಮನೆಯ ಡ್ರೈವರನ್ನು ಕಾವಲು ಕೂರಿಸಿದೆ. ಅವನು ಉಡುಪಿ ಕಡೆಯವನು, ನಿಯತ್ತಿನ ಮನುಷ್ಯ. ಬಾಯಿಗೆ ಎರಡು ತುತ್ತು ಹೋಗುವಷ್ಟರಲ್ಲಿ ಅರ್ಬಾಬ್ ಫೋನ್ ಮಾಡಿದರು.

"ಕ್ಯಾಮೆರಾದಲ್ಲಿ ಕೆಂಪು ಚೌಕಳಿ ಮಾತ್ರ ಕಾಣುತ್ತಿದೆ. ಏನು ಮುಚ್ಚಿಡುತ್ತಿದ್ದೀರಿ?"

ಓಡಿಬಂದೆ. ಪೆಟ್ಟಿಗೆಯ ಮೇಲೆ ಡ್ರೈವರನ ಹೆಗಲ ಮೇಲಿರುತ್ತಿದ್ದ ಬೈರಾಸು ಹರಡಿತ್ತು. ಅವನು ಗೋಡೆ ಕಡೆ ಮುಖ ಮಾಡಿ ನಿಂತಿದ್ದ.

"ಎಂಥ ಮಾಡಿದ್ದು ಮಾರಾಯ ಇದು?"

"ಅವು ಕೂಡಿದವು ಮಾರಾಯ್ರೆ. ನಮ್ಮಲ್ಲಿ ಅದನ್ನು ಕಣ್ಣಲ್ಲಿ ನೋಡ್ಲಿಕ್ಕಿಲ್ಲ. ಬಟ್ಟೆ ಹಾಕಿ ತಿರುಗಿ ನಿಲ್ಲಬೇಕು."

"ಇದು ನಮ್ಮ ಊರಿನ ನಾಗ ಅಲ್ಲ. ಫ್ರಿಜ್ಜಿನಲ್ಲಿ ಬೆಳೆದದ್ದು."

"ನಾಚಿಕೆ ಎಲ್ಲ ಊರಿನ ಹಾವಿಗೂ ಉಂಟಲ್ಲ" ಎಂದ.

ಬೈರಾಸು ತೆಗೆದಾಗ ಎಲ್ಲ ಮುಗಿದಿತ್ತು. ನಾಲ್ಕೂ ಹಾವುಗಳು ನಾಲ್ಕು ಮೂಲೆಯಲ್ಲಿದ್ದವು. ಮೂರು ವರ್ಷ ಕಾದ ಘಟನೆಗೆ ಇದ್ದ ಒಬ್ಬನೇ ಸಾಕ್ಷಿ ಗೋಡೆ ನೋಡುತ್ತಿದ್ದ.

4. ಸೀಲು

ಅರ್ಬಾಬ್ ಬಂದರು. ಹೇಳಿದ್ದನ್ನು ನಂಬಲಿಲ್ಲ. ನನಗೆ ಆಗ ಒಂದು ಉಪಾಯ ಹೊಳೆಯಿತು. ಈ ಜಾತಿಯ ಗಂಡು ಕೂಡಿದ ಮೇಲೆ ಬೇರೆ ಗಂಡು ಬರದ ಹಾಗೆ ಹೆಣ್ಣಿನ ದ್ವಾರಕ್ಕೆ ಅಂಟಿನಂಥ ಒಂದು ಬಿರಡೆ ಇಟ್ಟು ಹೋಗುತ್ತದೆ. ನಾನು ಹೆಣ್ಣನ್ನು ಮೆಲ್ಲಗೆ ತಿರುಗಿಸಿ, ಭೂತಗನ್ನಡಿ ಕೊಟ್ಟು, ತೋರಿಸಿದೆ.

ಅವರ ಮುಖ ಮೊದಲ ಸಲ ಅರಳಿತು. "ಸೀಲು ಹಾಕಿ ಹೋಗಿದ್ದಾನೆ?"

"ಹೌದು."

"ಯಾರನ್ನೂ ನಂಬಿಲ್ಲ." ಇನ್ನೊಮ್ಮೆ ಬಗ್ಗಿ ನೋಡಿದರು. "ಇವನಿಗೆ ನನ್ನ ಆಫೀಸಿನಲ್ಲಿ ಕೆಲಸ ಕೊಡಬಹುದಿತ್ತು."

5. ಶುಕ್ರವಾರ

ಜುಲೈ ಬಂತು. ಗಂಡುಗಳನ್ನು ಬೇರೆ ಪೆಟ್ಟಿಗೆಗೆ ಹಾಕಿದ್ದೆ. ಹೆಣ್ಣು ದಪ್ಪವಾಗಿ ಮೀನು ತಿನ್ನುವುದನ್ನು ಬಿಟ್ಟಿದ್ದಳು. ಅರ್ಬಾಬ್ ಮಳೆಹನಿ ನೋಡಲು ಮಗನ ಸಂಸಾರದೊಂದಿಗೆ ದೇಶದ ದಕ್ಷಿಣ ತುದಿಯ ಸಲಾಲಾಕ್ಕೆ ಹೋಗಿದ್ದರು. ಒಂದು ಶುಕ್ರವಾರ ಬೆಳಿಗ್ಗೆ ನಾನು ಹೊರಟಾಗ, ರಜಾದಿನ ಯಾರಿಗೆ ಕೆಲಸವಿರುತ್ತದೆ ಎಂದು ಹೆಂಡತಿಯೂ ಕಾರು ಹತ್ತಿದಳು. ಮುಳ್ಳು ತೆಗೆದ ಮೀನು ತಿನ್ನುವವಳನ್ನು ನೋಡಲೇಬೇಕಂತೆ.

ನೋಡಿದಳು. ಹೆಣ್ಣು ಹಾವು ಮೈ ಹಿಂಡುತ್ತಿತ್ತು. ನನ್ನ ಹೆಂಡತಿಯ ಮುಖದಲ್ಲಿದ್ದ ಅನುಮಾನ ಹೋಗಿ ವಾರ್ಡಿನ ಗತ್ತು ಬಂತು. "ನೋವು ಶುರುವಾಗಿದೆ. ಗಂಡಸರೆಲ್ಲ ಹೊರಗೆ." ನಾನೂ ಡ್ರೈವರನೂ ಹೊರಗೆ ಬಿದ್ದೆವು. ಬಾಗಿಲು ಹಾಕುವ ಮುಂಚೆ ಅವಳು ಕ್ಯಾಮೆರಾವನ್ನೊಮ್ಮೆ ನೋಡಿ, ತನ್ನ ಶಾಲು ತೆಗೆದು ಪೆಟ್ಟಿಗೆಯ ಮೇಲೆ ಹೊದಿಸಿದಳು.

ಎರಡು ಗಂಟೆಯ ನಂತರ ಶಾಲು ತೆಗೆದಾಗ ಇಪ್ಪತ್ತಮೂರು ಮರಿಗಳು. ನನ್ನ ಕಣ್ಣು ತುಂಬಿತು. ಅಷ್ಟರಲ್ಲೇ ಫೋನ್ ಬಂತು.

"ಮುಚ್ಚುವಾಗ ಒಂದು, ತೆಗೆಯುವಾಗ ಇಪ್ಪತ್ತನಾಲ್ಕು" ಎಂದರು ಅರ್ಬಾಬ್. "ನಾನು ಮೂವತ್ತು ವರ್ಷ ಕಂಟೈನರ್ ನೋಡಿದವನು. ಹೊರಗಿಂದ ತಂದು ಹಾಕಿದ್ದೀ. ಬರುತ್ತಿದ್ದೇನೆ."

ಸಿಕ್ಕಿದ ವಿಮಾನ ಹತ್ತಿ ಮಧ್ಯಾಹ್ನಕ್ಕೇ ಬಂದರು. "ಹುಟ್ಟುವುದನ್ನು ನೀನು ಕಣ್ಣಾರೆ ನೋಡಿದ್ದೀಯಾ?"

"ಇಲ್ಲ."

"ಡ್ರೈವರ್?"

"ನಾನು ಇಂಥದ್ದು ನೋಡುವುದಿಲ್ಲ ಅರ್ಬಾಬ್."

"ನೋಡಿದವರು?"

"ನನ್ನ ಹೆಂಡತಿ."

"ನಿನ್ನ ಹೆಂಡತಿ" ಎಂದು ಅವರು ಹೇಳಿದ ರೀತಿಯಲ್ಲೇ ನಮ್ಮ ಟಿಕೆಟ್ ಬುಕ್ಕಾದ ಹಾಗಿತ್ತು. ಮಗಳಿಗೆ ಏನು ಹೇಳುವುದೆಂದು ನಾನು ಯೋಚಿಸತೊಡಗಿದೆ.

ನನ್ನ ಹೆಂಡತಿ ಕೈ ತೊಳೆದು ಬಂದು, ಹಾವಿನ ಹೊಟ್ಟೆಯ ಮೇಲೆ ಎರಡು ಬೆರಳು ಓಡಿಸಿ, "ಇನ್ನೊಂದು ಉಂಟು. ಕೂತುಕೊಳ್ಳಲಿಕ್ಕೆ ಹೇಳಿ" ಎಂದಳು.

ಅರ್ಬಾಬ್ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತರು. ಡ್ರೈವರ್ ಗೋಡೆ ಕಡೆ ತಿರುಗಿ ನಿಂತ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ನಾನು ನನಗೆ ಬಂದ ಪ್ರಾರ್ಥನೆಗಳನ್ನೆಲ್ಲ ಮುಗಿಸಿ ಮತ್ತೆ ಮೊದಲಿಂದ ಶುರು ಮಾಡಿದೆ. ಆಗ ಹಾವಿನ ಬಾಲ ಎದ್ದಿತು, ಮೈ ಹಿಂಡಿತು. ಅರ್ಬಾಬ್ ಮುಂದೆ ಬಗ್ಗಿದರು. ತೆಳ್ಳಗಿನ ಪೊರೆಯ ಚೀಲವೊಂದು ಅವರ ಕಣ್ಣೆದುರೇ ಇಳಿದು, ಒಡೆದು, ಒಳಗಿಂದ ಪೆನ್ಸಿಲಿನಷ್ಟು ಸಪೂರದ ಮರಿ ತಲೆ ಹಾಕಿತು.

ಅರ್ಬಾಬರ ಕಿವಿ ಕೆಂಪಾಯಿತು. ದಡಬಡನೆ ಎದ್ದು, ತಲೆಗೆ ಸುತ್ತಿದ್ದ ನೀಲಿ ಮಸ್ಸರ್ ಬಿಚ್ಚಿ, ಪೆಟ್ಟಿಗೆಯ ಮೇಲೆ ಹರಡಿ, ಡ್ರೈವರನ ಪಕ್ಕ ಗೋಡೆ ಕಡೆ ಮುಖ ಮಾಡಿ ನಿಂತರು. ಅಲ್ಲಿಂದಲೇ ಗೋಡೆಗೆ ಹೇಳಿದರು, "ವೀಸಾ ಮುಗಿಯುವುದು ಯಾವಾಗ? ಪಾಸ್‌ಪೋರ್ಟ್ ತಂದುಕೊಡು, ಹೊಸದು ಮಾಡಿಸೋಣ."

ನಾನು ಉಸಿರು ಬಿಡುವಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಸಲಾಲಾದಿಂದ ಮಗ. ಅವನ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಬಾಬಾ, ಅವರು ಮತ್ತೆ ಪೆಟ್ಟಿಗೆ ಮುಚ್ಚಿದ್ದಾರೆ. ಈ ಸಲ ನಿಮ್ಮ ಮಸ್ಸರನ್ನೇ ಕದ್ದು ಹಾಕಿದ್ದಾರೆ. ನೀವು ಎಲ್ಲಿದ್ದೀರಿ?"