ಕ್ಲಾರಿಯೊನೆಟ್ ಶಿವಣ್ಣನ ಮೇಲೆ ಬಂದ ಅನುಮಾನ

ನಾನು ಅನುಮಾನದ ಮನುಷ್ಯ. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿ, ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿ ಬಿದ್ದಿದ್ದರೆ ಅದು ಕಾಕತಾಳೀಯವೆಂದು ನಂಬುವ ಶಕ್ತಿಯನ್ನೇ ಕಳೆದುಕೊಂಡಿದ್ದೇನೆ. ಮನೆಯಲ್ಲಿ ಸಾರು ಎರಡು ದಿನ ಒಂದೇ ರುಚಿಯಿದ್ದರೂ ಹೆಂಡತಿಯ ಮುಖ ನೋಡುತ್ತೇನೆ. ಅವಳೂ ನನ್ನ ಮುಖ ನೋಡುತ್ತಾಳೆ. ಪರಿಚಯವೇ ಇಲ್ಲದವರ ಮದುವೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುವ ಗಂಡನನ್ನು ಯಾರು ತಾನೇ ನಂಬುತ್ತಾರೆ?

ನಾನು ಹೋಗುತ್ತಿದ್ದದ್ದು ಶಿವಣ್ಣನ ಬ್ಯಾಂಡ್ ಸೆಟ್ ಕೇಳುವುದಕ್ಕೆ. ಹಂದನಕೆರೆ ಕಡೆಯ ನಾಲ್ಕು ಜನ. ಎರಡು ಡ್ರಮ್, ಒಂದು ಕೀಬೋರ್ಡ್, ಶಿವಣ್ಣನ ಕ್ಲಾರಿಯೊನೆಟ್. ಬೇರೆ ದಿನಗಳಲ್ಲಿ ಶಿವಣ್ಣ ತೋಟಗಳಲ್ಲಿ ಕಾಯಿ ಸುಲಿಯುತ್ತಾನೆ. ಮದುವೆಯ ದಿನ ಮಾತ್ರ ಯಾವುದೋ ಹಳೆಯ ಸಿನಿಮಾ ಹಾಡಿನಿಂದ ಹೊರಟು, ಎಲ್ಲೆಲ್ಲೋ ಅಲೆದು, ಇನ್ನು ಇವನು ವಾಪಸು ಬರುವುದಿಲ್ಲ ಎಂದು ನಾವು ಕೈಬಿಟ್ಟ ಹೊತ್ತಿಗೆ ಸರಿಯಾಗಿ ಪಲ್ಲವಿಗೆ ಬಂದು ನಿಲ್ಲುತ್ತಾನೆ. ನೊಣವಿನಕೆರೆಯ ಮದುವೆಯೊಂದರಲ್ಲಿ ಕರೆಂಟು ಹೋಗಿ ಕೀಬೋರ್ಡ್ ಸತ್ತಾಗ, ಅವನೊಬ್ಬನೇ ಇಪ್ಪತ್ತು ನಿಮಿಷ ಊದಿದ. ಊಟಕ್ಕೆ ಜಾಗ ಹಿಡಿದಿದ್ದವರು ಎಲೆ ಬಿಟ್ಟು ಎದ್ದುಬಂದರು. ನಮ್ಮ ಕಡೆ ಮದುವೆಗಳಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡಿದ್ದೆ. ಒಂದು ಭಾನುವಾರ ನೊಣವಿನಕೆರೆಯದನ್ನೂ ಆಮೇಲಿನ ಚಿಕ್ಕನಾಯಕನಹಳ್ಳಿಯದನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಅದೇ ತಿರುವು, ಅದೇ ತಡವರಿಕೆ, ಕೊನೆಗೆ ಜಾರಿಬಿದ್ದಂತೆ ಆಡುವ ಅದೇ ನಾಟಕ! ನನ್ನೊಳಗಿನ ಪರೀಕ್ಷಾ ಮೇಲ್ವಿಚಾರಕ ಎದ್ದು ಕೂತ. ಆ ಕ್ಷಣಕ್ಕೆ ಹುಟ್ಟಿದ್ದೆಂದು ನಾನು ಕಣ್ಣು ಒದ್ದೆ ಮಾಡಿಕೊಂಡು ಕೇಳಿದ್ದು ಬಾಯಿಪಾಠವೇ? ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ, ಅವನು ಕಾಯಿ ಸುಲಿಯುತ್ತಿದ್ದ ತೋಟಕ್ಕೇ ಹೋಗಿ ಎರಡನ್ನೂ ಕೇಳಿಸಿದೆ.

ಶಿವಣ್ಣ ಪೂರ್ತಿ ಕೇಳಿ, ಕೈಗೆ ಅಂಟಿದ್ದ ನಾರು ಒರೆಸಿಕೊಂಡ. ಸಿಕ್ಕಿಬಿದ್ದವನ ಮುಖ ಅವನದಾಗಿರಲಿಲ್ಲ.

"ತಪ್ಪು ನಿಮ್ದೇ ಕಣ್ರೀ ಮೇಷ್ಟ್ರೇ. ಎದುರಿಗೇ ನಿಂತ್ಕಂಡು ತಲೆ ಆಡಿಸ್ತೀರಿ. ನಾನು ಹೊಸ ದಾರಿಗೆ ಹೋದ್ರೆ ನಿಮ್ ತಲೆ ನಿಂತೋಯ್ತದೆ. ನಂಗೆ ಗಾಬ್ರಿ ಆಗಿ, ಹೋದ್ಸಲ ನಿಮಗೆ ಹಿಡಿಸಿದ್ದಕ್ಕೇ ವಾಪಸ್ ಬತ್ತೀನಿ."

ನಕಲು ಹಿಡಿಯಲು ಹೋದವನಿಗೆ, ಉತ್ತರ ಹೇಳಿಕೊಟ್ಟವನು ತಾನೇ ಎಂದು ಗೊತ್ತಾಗಿತ್ತು. ಅಲ್ಲೇ ಎಳನೀರು ಕುಡಿದು ವಾಪಸು ಬಸ್ಸು ಹತ್ತಿದೆ.

ಮುಂದಿನ ಮದುವೆ ತುರುವೇಕೆರೆಯಲ್ಲಿ. ಅವನ ಕಣ್ಣಿಗೆ ಬೀಳಬಾರದೆಂದು ಛತ್ರದ ಹಿಂದಿನ ಅಡುಗೆ ಚಪ್ಪರಕ್ಕೆ ಹೋಗಿ ನಿಂತೆ. ಭಟ್ಟರು ನನ್ನನ್ನು ಹೆಣ್ಣಿನ ಕಡೆಯವನೆಂದು ತಿಳಿದು ತೆಂಗಿನಕಾಯಿ ತುರಿಯಲು ಕೂರಿಸಿದರು. ಆಗ ಶುರುವಾಯಿತು ನೋಡಿ. ಶಿವಣ್ಣ ಹಾಡು ಬಿಟ್ಟು ಹೊರಟವನು ನಾನೆಂದೂ ಕೇಳದ ಕಡೆಗೆ ನಡೆದ. ಡ್ರಮ್ಮಿನವರು ದಾರಿ ತಪ್ಪಿ ನಿಂತು, ಆಮೇಲೆ ಒಬ್ಬೊಬ್ಬರಾಗಿ ಅವನನ್ನು ಕೂಡಿಕೊಂಡರು. ಧಾರೆಗೆ ಹೆಣ್ಣನ್ನು ಕರೆಯಬೇಕಾದ ಪುರೋಹಿತರೂ ಬಾಯಿ ಮುಚ್ಚಿ ನಿಂತಿದ್ದರಂತೆ. ಕಾಯಿ ಮುಗಿದದ್ದೂ ತಿಳಿಯದೆ ನಾನು ಚಿಪ್ಪನ್ನೇ ತುರಿಯುತ್ತಿದ್ದೆ.

ಮುಗಿದ ಮೇಲೆ ಓಡಿಹೋಗಿ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಅರ್ಧ ದಾರಿಯಲ್ಲಿ ಬುದ್ಧಿ ಅಡ್ಡಬಂತು. ಹೊಗಳಿದರೆ ವರ್ಷವಿಡೀ ಇದನ್ನೇ ಊದುತ್ತಾನಲ್ಲ! ಮುಖ ಗಂಟಿಕ್ಕಿಕೊಂಡು ಎದುರಿಗೆ ನಿಂತು, "ಪರವಾಗಿಲ್ಲ ಶಿವಣ್ಣ" ಅಂದೆ.

ಅವನ ಮುಖ ಸಣ್ಣದಾಯಿತು. "ನಂಗೂ ಅನುಮಾನ ಇತ್ತು, ಬುಡಿ. ಇನ್ ಆ ಕಡೆ ಹೋಗಲ್ಲ," ಅಂದ.

ಹೇಳಿದಂತೆಯೇ ನಡೆದುಕೊಂಡಿದ್ದಾನೆ. ನಾಲ್ಕು ಮದುವೆಗಳಾದವು, ಆ ಕಡೆ ತಿರುಗಿಯೂ ನೋಡಿಲ್ಲ. ಅಂದು ಸುಳ್ಳು ಹೇಳಿದೆ, ಅದು ನಿನ್ನ ಜೀವಮಾನದ ವಾದನ ಎಂದು ಕಾಲು ಹಿಡಿಯುವಷ್ಟು ಕೇಳಿಕೊಂಡಿದ್ದೇನೆ. ಶಿವಣ್ಣ ನನ್ನನ್ನು ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿ, "ನನ್ ಸಮಾಧಾನಕ್ ಹೇಳ್ತೀರಿ ಮೇಷ್ಟ್ರೇ," ಎನ್ನುತ್ತಾನೆ. ನನ್ನ ಮಾತನ್ನು ನಂಬುವುದಿಲ್ಲ.