ಇತಿಹಾಸದವನ ಮೇಲೆ ಗುಮಾನಿ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಾನು ಯಾವ ಊರಲ್ಲಿ ಬಸ್ಸಿಳಿದರೂ ಜನ ಮೊದಲು ನನ್ನ ಮುಖ ನೋಡುವುದಿಲ್ಲ, ಹೆಗಲ ಚೀಲ ನೋಡುತ್ತಾರೆ. ಅದರಲ್ಲಿ ಒಂದು ಬ್ರಷ್ಷು, ಸೀಮೆಸುಣ್ಣದ ಪುಡಿ, ಒಂದು ಟಾರ್ಚು ಇರುತ್ತವೆ. ಮಕ್ಕಳಿಗಾಗಿ ನಮ್ಮ ಸೀಮೆಯ ಇತಿಹಾಸ ಬರೆಯುವ ನನಗೆ ಹಳೆಯ ಕಲ್ಲುಗಳ ಅಕ್ಷರ ಓದಲು ಇಷ್ಟು ಸಾಕು. ಗುಮಾನಿ ಹುಟ್ಟಿಸಲಿಕ್ಕೂ ಇಷ್ಟೇ ಸಾಕು.

ಹೂ ಕಟ್ಟುವಾಕೆ

ಹಡಗಲಿಯಲ್ಲಿ ಹಳೆಯ ಗುಡಿಯೊಂದರ ದಾರಿ ಕೇಳಲು ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸಿನ ಮುಂದೆ ನಿಂತೆ. ಏನು ಕೆಲಸ ಮಾಡ್ತೀರಿ ಎಂದು ಕೇಳಿದಳು.

"ಮಕ್ಕಳ ಇತಿಹಾಸ ಬರೀತೀನ್ರಿ."

ಆಕೆಯ ಕೈ ನಿಂತಿತು. "ಯಾರ ಮಕ್ಕಳದು?"

"ಎಲ್ಲಾ ಮಕ್ಕಳದೂ ಅಂದ್ಕೋರಿ."

ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಖರೇ ಹೇಳ್ರಿ, ಹೆಣ್ಣಿನ ಕಡೆಯವರು ಕಳಿಸ್ಯಾರಲ್ಲ?"

ಆಕೆಯ ಮಗನಿಗೆ ಎಲ್ಲೋ ಹೆಣ್ಣು ನೋಡಿದ್ದರಂತೆ. ನಾನು ಹುಡುಗನನ್ನು ವಿಚಾರಿಸಲು ಬಂದವನಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಒಂದು ಮೊಳ ಹೂ ಎಲೆಯಲ್ಲಿ ಸುತ್ತಿ ಕೈಗಿಟ್ಟಳು.

"ನಮ್ಮ ಹುಡುಗ ಕುಡಿಯೋದು ಪೂರಾ ಬಿಟ್ಟಾನ ಅಂತ ಬರೀರಿ. ಅವ ಬಿಡೋದು ಬರೋ ಸೋಮವಾರದಿಂದ, ಅದನ್ನ ಬರೀಬ್ಯಾಡ್ರಿ."

ನಾಲ್ಕನೇ ತರಗತಿ

ಬರೆಯುತ್ತಿದ್ದ ಪುಸ್ತಕದ ಕೊನೆಯ ಕಥೆ ಚಿಗಟೇರಿ ಕಡೆಯ ಹೊಲವೊಂದರಲ್ಲಿರುವ ವೀರಗಲ್ಲಿನದು. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದನ್ನು ಕೂಡ್ಲಿಗಿಯ ಶಾಲೆಯೊಂದರಲ್ಲಿ ಓದಿದೆ. ಮುಂದಿನ ಸಾಲಿನ ಹುಡುಗಿ ಎದ್ದಳು.

"ಅವನ ಹೆಸರೇನ್ರಿ ಸಾರ್?"

"ಗೊತ್ತಿಲ್ಲಮ್ಮ. ಕೆಳಗಿನ ಸಾಲು ಮಣ್ಣಾಗ ಹೂತೈತಿ."

"ಹೆಸರೇ ಗೊತ್ತಿಲ್ಲ, ಸತ್ತಿದ್ದು ಹೆಂಗ ಗೊತ್ತಾತು? ನೀವು ನೋಡೀರೇನು?"

ನಾನೇ ಕೊಂದವನೆಂಬಂತೆ ಇಡೀ ತರಗತಿ ನನ್ನನ್ನು ನೋಡಿತು. ನಿಜಕ್ಕೂ ನಾಚಿಕೆಯಾಯಿತು. ಹೆಸರು ಸಿಗದೆ ಪುಸ್ತಕ ಅಚ್ಚಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟೆ.

"ಆತ್ರಿ, ತಿಳಕೊಂಡು ಬರ್ರಿ," ಎಂದು ಆಕೆ ಕೂತಳು.

ಹೊಲದ ಯಜಮಾನ

ಕಲ್ಲಿನ ಬುಡದ ಮಣ್ಣು ತೆಗೆಯಲು ಬಿಡಿ ಎಂದು ಹೊಲದ ಯಜಮಾನನನ್ನು ಕೇಳಿದೆ.

"ಏನು ಹುಡುಕ್ತೀರಿ?"

"ಇತಿಹಾಸ."

"ಎಷ್ಟು ಆಳದಾಗ ಐತಿ?"

ನಿಧಿಯಲ್ಲ ಎಂದು ಆಣೆ ಮಾಡಿದೆ. ಮಾಡಬಾರದಿತ್ತು, ಅವನ ಗುಮಾನಿ ಗಟ್ಟಿಯಾಯಿತು. "ನಾಳಿ ಬರ್ರಿ," ಎಂದ.

ಮರುದಿನ ಹೋದರೆ ಕಲ್ಲಿನ ಮುಂದೆ ಸೊಂಟದಾಳದ ಗುಂಡಿ. ಅದರೊಳಗೆ ಯಜಮಾನ ಬೆವರೊರೆಸುತ್ತಾ ನಿಂತಿದ್ದ.

"ಏನೂ ಇಲ್ರಿ ಸಾರ್. ಬರೇ ಅಕ್ಷರ."

ಅವನನ್ನು ಮೇಲೆ ಹತ್ತಿಸಿ ನಾನು ಇಳಿದೆ. ಪುಡಿ ಬಳಿದು, ಟಾರ್ಚು ಹಿಡಿದು ನೋಡಿದರೆ ಹೆಸರು ಸಿಕ್ಕೇಬಿಟ್ಟಿತು. ಖುಷಿಯಲ್ಲಿ ಜೋರಾಗಿಯೇ ಹೇಳಿದೆ, "ಇವನ ಹೆಸರು ಮಾಚ. ದನ ಬಿಡಿಸಿ ಸತ್ತಾನ. ಅದಕ್ಕ ಅರಸ ಇವನ ಮಗನಿಗೆ ಹೊಲ ಕೊಟ್ಟಾನ."

"ಯಾವ ಹೊಲ?"

"ಇದೇ, ಕಲ್ಲು ನಿಂತದ್ದು."

ಯಜಮಾನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಅವನ ಪೈಕಿ ಏನು?"

"ನೂರಾರು ವರ್ಷದ ಹಿಂದಿನ ಮಾತ್ರಿ ಅದು."

"ನಮ್ಮಪ್ಪನ ಕಾಲದ ಕೇಸೇ ಇನ್ನೂ ಕೋರ್ಟಿನಾಗ ನಡದೈತಿ. ಕೋರ್ಟಿನವರಿಗೆ ಇದೇನು ಹಳೇದು?"

ಅಷ್ಟು ಹೇಳಿ ಗುದ್ದಲಿಯಿಂದ ಮಣ್ಣು ಎಳೆಯತೊಡಗಿದ. ನಾನಿನ್ನೂ ಗುಂಡಿಯೊಳಗೇ ಇದ್ದೆ. ಮಾಚನ ಹೆಸರು ಪುಸ್ತಕದಲ್ಲಿ ಬರಲೇಬೇಕು, ಮಕ್ಕಳಿಗೆ ಮಾತು ಕೊಟ್ಟಿದ್ದೇನೆ ಎಂದು ಗೋಗರೆದೆ. ಯಜಮಾನ ಗುದ್ದಲಿ ಬದಿಗಿಟ್ಟು, ಕೈ ಕೊಟ್ಟು ನನ್ನನ್ನು ಮೇಲೆಳೆದುಕೊಂಡ.

"ಹೆಸರು ಹಾಕ್ರಿ. ದನ ಬಿಡಿಸಿದ್ದೂ ಹಾಕ್ರಿ. ಅವನ ಮಗನಿಗೆ ಮಾತ್ರ ಮಕ್ಕಳಾಗಲಿಲ್ಲ ಅಂತ ಬರದುಬಿಡ್ರಿ."